ಕಮಾಂಡ್ ಕೊಡುವ ಹಕ್ಕು ಯಾರಿಗೆ? ನ್ಹಾವಾ ಶೇವಾದ ಪಾಠ

2017ರ ಜೂನ್ 27ರಂದು ನವಿಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ, ಹಡಗು ಸಾಗಣೆಯ ಮೇರ್ಸ್ಕ್ ಸಮೂಹದ ಗೇಟ್‌ವೇ ಟರ್ಮಿನಲ್ಸ್‌ನ ಕಂಪ್ಯೂಟರುಗಳು ಕೈಕೊಟ್ಟವು. ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹೊರಟ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಇಲ್ಲಿಯವರೆಗೂ ಬಂದಿತ್ತು. ಮೇರ್ಸ್ಕ್ ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಪಿಸಿಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಪ್ಯಾಚ್ ಹಾಕದಿದ್ದುದೇ ಇದಕ್ಕೆಲ್ಲ ಕಾರಣ ಎನ್ನುವುದು ಅರ್ಧ ಸತ್ಯ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿದ್ದ ಪ್ಯಾಚ್ ಹಾಕಿಕೊಂಡಿದ್ದ ಯಂತ್ರಗಳೂ ಈ ದಾಳಿಗೆ ಸಿಕ್ಕಿದವು. ನಾಟ್‌ಪೆಟ್ಯಾ ಒಂದು ಯಂತ್ರದ ಮೆಮೊರಿಯಿಂದ ಪಾಸ್‌ವರ್ಡ್ ಕದ್ದು, ಅಡ್ಮಿನ್‌ಗಳು ಬಳಸುವ ಪಿಎಸ್‌ಎಕ್ಸೆಕ್, ಡಬ್ಲ್ಯುಎಂಐಸಿ ಸಾಧನಗಳಿಂದಲೇ ಪಕ್ಕದ ಯಂತ್ರಕ್ಕೆ ಕಮಾಂಡ್ ಕೊಡುತ್ತಿತ್ತು. ಕದ್ದ ಪಾಸ್‌ವರ್ಡಿಗೆ ಆ ಯಂತ್ರದಲ್ಲಿ ಅಡ್ಮಿನ್ ಹಕ್ಕು ಇಲ್ಲದಿದ್ದರೆ ಈ ದಾರಿ ಅಲ್ಲಿಗೇ ಮುಚ್ಚುತ್ತಿತ್ತು.

ಇದಕ್ಕೆ ಮದ್ದು ಹಳೆಯದೇ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ತತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಮಂಡಿಸಿದ್ದರು. ಯೂನಿಕ್ಸ್‌ನ ನಿರ್ಬಂಧಿತ ಶೆಲ್‌ನಲ್ಲಿ ಡೈರೆಕ್ಟರಿ ಬದಲಿಸುವಂತಿಲ್ಲ, ಪಾತ್ ತಿದ್ದುವಂತಿಲ್ಲ, ಓರೆಗೆರೆಯುಳ್ಳ ಹೆಸರಿನ ಕಮಾಂಡ್ ಓಡಿಸುವಂತಿಲ್ಲ. 1980ರ ಸುಮಾರಿಗೆ ಬಂದ ಸುಡೊದಿಂದ, ಯಾರು ಯಾವ ಕಮಾಂಡ್ ಓಡಿಸಬಹುದೆಂದು ಪಟ್ಟಿ ಮಾಡುವುದು ಸಾಧ್ಯವಾಯಿತು. 2009ರಲ್ಲಿ ವಿಂಡೋಸ್ 7 ಜೊತೆ ಬಂದ ಆಪ್‌ಲಾಕರ್, ಯಾವ ಪ್ರೋಗ್ರಾಂ ನಡೆಯಬಹುದೆಂದು ಮೊದಲೇ ಗೊತ್ತುಮಾಡುವ ಅವಕಾಶ ಕೊಟ್ಟಿತು. ಇಂಥ ಬೇಲಿಗಳನ್ನು ದಾಟಬಹುದಲ್ಲ ಎಂಬ ಆಕ್ಷೇಪ ನಿಜ. ನಿರ್ಬಂಧಿತ ಶೆಲ್‌ನಲ್ಲಿ ವಿಐ ಎಡಿಟರ್ ಬಿಟ್ಟುಕೊಟ್ಟರೆ, ಅದರೊಳಗಿಂದಲೇ ಪೂರ್ಣ ಶೆಲ್ ತೆರೆಯಬಹುದು. ಆದರೆ ಇದರಿಂದ ತಿಳಿಯುವುದು ಅನುಮತಿಯ ಪಟ್ಟಿಯನ್ನು ಇನ್ನೂ ಬಿಗಿಯಾಗಿ ಬರೆಯಬೇಕೆಂಬುದೇ ಹೊರತು, ಪಟ್ಟಿಯೇ ಬೇಡವೆಂದಲ್ಲ.

ಹಗಲಿರುಳೂ ನಡೆಯುವ ಬಂದರಿನಲ್ಲಿ ಇಂಥ ಕಟ್ಟುಪಾಡು ಹಾಕಿದರೆ ಕೆಲಸ ನಿಧಾನವಾಗುತ್ತದೆ ಎನ್ನುವವರೂ ಇದ್ದಾರೆ. ಆದರೆ ಗೇಟಿನಲ್ಲಿ ಕಂಟೇನರ್ ನಂಬರ್ ಬರೆದುಕೊಳ್ಳುವ ಗುಮಾಸ್ತನಿಗೆ ಕಮಾಂಡ್ ಓಡಿಸುವ ಪವರ್‌ಶೆಲ್ ಯಾಕೆ ಬೇಕು? ಸರ್ವರ್ ನೋಡಿಕೊಳ್ಳುವವರಿಗೂ ಇಮೇಲ್ ಓದಲು ಒಂದು ಸಾಧಾರಣ ಖಾತೆ, ಅಡ್ಮಿನ್ ಕೆಲಸಕ್ಕೆ ಮತ್ತೊಂದು ಖಾತೆ ಇದ್ದರೆ ತಗಲುವುದು ಕೆಲವು ನಿಮಿಷ ಮಾತ್ರ. ಅದನ್ನು ಉಳಿಸಹೋಗಿ ಜಗತ್ತಿನಾದ್ಯಂತ ಕಂಪನಿಗಳು ವಾರಗಟ್ಟಲೆ ಕಳೆದುಕೊಂಡವು. ಟಿಟ್ವಾಳಾ, ಕಲ್ಯಾಣ, ಡೊಂಬಿವಲಿಗಳಿಂದ ಲೋಕಲ್ ಹಿಡಿದು ನವಿಮುಂಬಯಿಯ ಕಚೇರಿಗಳಿಗೆ ಹೋಗಿ ಸರ್ವರ್ ಕಾಯುವ ಕನ್ನಡಿಗರಲ್ಲಿ ಒಂದೇ ಕೋರಿಕೆ: ನಿಮ್ಮಲ್ಲಿಯ ಅಡ್ಮಿನ್ ಗುಂಪಿನ ಪಟ್ಟಿಯನ್ನು ಇವತ್ತೇ ತೆರೆಯಿರಿ, ಯಾಕಿದೆಯೆಂದು ಯಾರೂ ಹೇಳಲಾರದ ಹೆಸರುಗಳನ್ನು ತೆಗೆದುಹಾಕಿ.