ನೆಲ ಅಗೆಯದೆ ತಾಮ್ರ: ಹರ್ತಿಯವರು ಕೇಳಬೇಕಾದ ಮೂರು ಪ್ರಶ್ನೆ

ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೆ ಟನ್‌ಗಟ್ಟಲೆ ತಾಮ್ರ ಬೇಕು. ಪೆಟ್ರೋಲ್ ಕಾರಿಗೆ ಸುಮಾರು 20 ಕೆ.ಜಿ. ಸಾಕಾದರೆ, ಎಲೆಕ್ಟ್ರಿಕ್ ಕಾರಿಗೆ ಅದರ ಮೂರು-ನಾಲ್ಕು ಪಟ್ಟು. ಹಸಿರು ಇಂಧನ ಬೇಕು ಅನ್ನುವ ನಾವು, ಈ ತಾಮ್ರ ಎಲ್ಲಿಂದ ಬರಬೇಕು ಅನ್ನೋದನ್ನೂ ಹೇಳಬೇಕಾಗುತ್ತದೆ.

ಇಂದಿನ ಬಹುತೇಕ ಗಣಿಗಳ ಅದಿರಿನಲ್ಲಿ ತಾಮ್ರ ಶೇ 1ಕ್ಕಿಂತ ಕಡಿಮೆ. ಅಂದರೆ ಒಂದು ಟನ್ ಕಲ್ಲು ಒಡೆದು, ಪುಡಿ ಮಾಡಿದರೆ 10 ಕೆ.ಜಿ.ಯೂ ಸಿಗೋದಿಲ್ಲ. ಉಳಿದದ್ದೆಲ್ಲ ತ್ಯಾಜ್ಯದ ಗುಡ್ಡ. ಇದಕ್ಕೆ ಪರ್ಯಾಯವಾಗಿ ಹೇಳುವ ವಿಧಾನವೇ ‘ಇನ್-ಸಿಟು ಲೀಚಿಂಗ್’, ಅಂದರೆ ಅದಿರು ಇದ್ದ ಜಾಗದಲ್ಲೇ ಲೋಹವನ್ನು ಕರಗಿಸಿ ತೆಗೆಯುವುದು.

ಕೆಲಸ ಹೀಗೆ. ಅದಿರಿನ ಪದರಕ್ಕೆ ಸಾಲು ಸಾಲು ಬೋರ್ ಕೊರೆಯುತ್ತಾರೆ. ಕೆಲವು ಬೋರ್‌ಗಳಿಂದ ತೆಳು ಗಂಧಕಾಮ್ಲದ ದ್ರಾವಣ ಒಳಗೆ ಬಿಡುತ್ತಾರೆ. ಅದು ಬಿರುಕುಗಳಲ್ಲಿ ಹರಿದು ತಾಮ್ರ ಕರಗಿಸುತ್ತದೆ. ಪಕ್ಕದ ಬೋರ್‌ಗಳ ಪಂಪ್ ಅದನ್ನು ಮೇಲೆತ್ತುತ್ತದೆ. ಬಿಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಬೇಕು. ಆಗ ದ್ರಾವಣ ಹೊರಗೆ ಸೋರದೆ ಒಳಮುಖವಾಗಿ ಹರಿಯುತ್ತದೆ. ಮೇಲೆ ಬಂದ ದ್ರಾವಣದಿಂದ ತಾಮ್ರವನ್ನು ಬೇರ್ಪಡಿಸಿ, ವಿದ್ಯುತ್ ಹಾಯಿಸಿ ಶುದ್ಧ ತಗಡು ಮಾಡುತ್ತಾರೆ. ಉಳಿದ ಆಮ್ಲ ಮತ್ತೆ ಒಳಗೆ. ಸ್ಫೋಟ ಇಲ್ಲ, ದೂಳಿಲ್ಲ, ಹೊಂಡವಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಚೊಕ್ಕ ವಿನ್ಯಾಸ ಅನಿಸುತ್ತದೆ.

ಅಮೆರಿಕದ ಅರಿಜೋನಾದ ಫ್ಲಾರೆನ್ಸ್‌ನಲ್ಲಿ 2018ರಲ್ಲಿ ಪ್ರಾಯೋಗಿಕ ಘಟಕ ಶುರುವಾಯಿತು. ಅಲ್ಲಿನ ಅದಿರು ಆಕ್ಸೈಡ್ ರೂಪದ್ದು, ಆಮ್ಲಕ್ಕೆ ಬೇಗ ಕರಗುತ್ತದೆ. ಕಲ್ಲು ಬಿರುಕು ಬಿಟ್ಟಿದೆ. ಪೂರ್ಣ ಪ್ರಮಾಣದ ಘಟಕಕ್ಕೆ ಅಲ್ಲಿನ ಪರಿಸರ ಸಂಸ್ಥೆಯ ಅನುಮತಿ ಸಿಕ್ಕಿದ್ದು 2023ರಲ್ಲಿ.

ನಮ್ಮ ಕಲ್ಲು ಬೇರೆ. ಗದಗದಿಂದ ಚಿತ್ರದುರ್ಗದತ್ತ ಸಾಗುವ ಪ್ರಾಚೀನ ಶಿಲಾಪಟ್ಟಿಯಲ್ಲಿ ಕಪ್ಪತಗುಡ್ಡದ ಕಡೆ ಚಿನ್ನ ಇದೆ, ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ ಇದೆ. ಇಂಗಳದಾಳಿನ ಗಣಿಯನ್ನು ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸುತ್ತಿತ್ತು, ಈಗ ಅದು ಮುಚ್ಚಿದೆ. ಅಲ್ಲಿನ ಮುಖ್ಯ ಖನಿಜ ಚಾಲ್ಕೋಪೈರೈಟ್. ಇದು ಗಂಧಕದ ಜೊತೆ ಬೆಸೆದ ತಾಮ್ರ, ತೆಳು ಆಮ್ಲಕ್ಕೆ ಬಗ್ಗೋದು ಬಹಳ ನಿಧಾನ. ಗಟ್ಟಿ ಕಲ್ಲಿನಲ್ಲಿ ದ್ರಾವಣ ಹರಿಯುವ ದಾರಿಯೂ ಕಡಿಮೆ. ಇರುವ ದಾರಿ ಎಂದರೆ ಬಿರುಕುಗಳು. ನಮ್ಮ ಹೊಲದ ಬೋರ್‌ಗಳಿಗೆ ನೀರು ಬರೋದೂ ಇಂಥ ಬಿರುಕುಗಳಿಂದಲೇ.

ಸೋರಿದರೆ ಏನಾಗುತ್ತದೆ? ಜೆಕ್ ದೇಶದ ಸ್ಟ್ರಾಜ್‌ನಲ್ಲಿ ಯುರೇನಿಯಂಗಾಗಿ ಇದೇ ರೀತಿ ಸುಮಾರು 40 ಲಕ್ಷ ಟನ್ ಗಂಧಕಾಮ್ಲವನ್ನು ನೆಲದೊಳಗೆ ಬಿಟ್ಟರು. 1996ರಲ್ಲಿ ಗಣಿ ನಿಂತಿತು. ಅಂತರ್ಜಲ ಶುದ್ಧಿಯ ಕೆಲಸಕ್ಕೆ ಮಾತ್ರ ದಶಕಗಳೇ ಬೇಕು.

ಗದಗದಲ್ಲಿ ಈ ಮಾತು ಯಾಕೆ? ಕಪ್ಪತಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮದ ರಕ್ಷಣೆ ಸಿಕ್ಕಿದೆ. ಆದರೆ ಗೆರೆಯ ಹೊರಗಿನ ಹೊಲಗಳಿಗೆ ಆ ರಕ್ಷಣೆ ಇಲ್ಲ. ನಾಳೆ ಯಾರಾದರೂ ‘ನೆಲ ಅಗೆಯೋದೇ ಇಲ್ರೀ, ನಾಲ್ಕು ಬೋರ್ ಅಷ್ಟೇ’ ಎಂದು ಹರ್ತಿಯಂಥ ಊರಿನ ಗ್ರಾಮಸಭೆಗೆ ಬಂದರೆ ಮೂರು ಪ್ರಶ್ನೆ ಕೇಳಿ. ಅದಿರು ಆಕ್ಸೈಡೋ, ಗಂಧಕದ್ದೋ? ಆ ಪದರದ ನೀರಿಗೂ ನಮ್ಮ ಬೋರ್ ನೀರಿಗೂ ಸಂಬಂಧ ಇಲ್ಲ ಎಂದು ಪರೀಕ್ಷೆ ಮಾಡಿ ತೋರಿಸಿದವರು ಯಾರು? ಗಣಿ ಮುಚ್ಚಿದ ಮೇಲೆ ನೀರು ತೊಳೆಯುವ ದುಡ್ಡನ್ನು ಮೊದಲೇ ಠೇವಣಿ ಇಡುತ್ತೀರಾ?

ಈ ವಿಧಾನವನ್ನು ಒಟ್ಟಾರೆ ಬೈಯುವುದು ತಪ್ಪು. ಸರಿಯಾದ ಕಲ್ಲಿನಲ್ಲಿ ಅದು ತೆರೆದ ಗಣಿಗಿಂತ ಎಷ್ಟೋ ವಾಸಿ. ಆದರೆ ಕಲ್ಲು ಸರಿಯಾದದ್ದು ಹೌದೋ ಅಲ್ಲವೋ ಅನ್ನೋದನ್ನು ತೋರಿಸುವ ಹೊಣೆ ಕಂಪನಿಯದು. ಆ ಪುರಾವೆಯನ್ನು ಬೋರ್ ಕೊರೆಯುವ ಮೊದಲೇ ಕೇಳುವ ಹಕ್ಕು ಊರಿನದು.