ಸದ್ದಿನ ನೆನಪು: ಮೈಸೂರಿನ ಜಾವಾ, ಹೊಸೂರಿನ ಮೊಪೆಡ್

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಅಭಿಮಾನಿಗಳು ದೇಶದ ಹಲವು ನಗರಗಳಲ್ಲಿ ಒಟ್ಟುಗೂಡುತ್ತಾರೆ. ಅಲ್ಲಿ ಸಾಲುಗಟ್ಟಿ ನಿಲ್ಲುವ ಹಳೆಯ ಬಂಡಿಗಳಲ್ಲಿ ಬಹುಪಾಲು ಮೈಸೂರಿನ ಒಂದೇ ಕಾರ್ಖಾನೆಯಲ್ಲಿ ತಯಾರಾದವು; ಆ ಕಾರ್ಖಾನೆ 1996ರಲ್ಲಿಯೇ ಮುಚ್ಚಿದೆ. ಅಭಿಮಾನಿಗಳಲ್ಲಿ ಅದು ಮುಚ್ಚಿದ ಮೇಲೆ ಹುಟ್ಟಿದವರೂ ಇದ್ದಾರೆ. ಆದ್ದರಿಂದ ಈ ಹಂಬಲವನ್ನು ಕೇವಲ ಯೌವನದ ನೆನಪೆಂದು ವಿವರಿಸಿದರೆ ಸಾಲದು. ತಾವು ಬದುಕದ ಕಾಲವೊಂದರ ಸದ್ದು ಇವರಿಗೆ ಏಕೆ ಪ್ರಿಯವಾಯಿತೆಂಬುದು ಚರಿತ್ರೆಗೆ ಸಂಬಂಧಿಸಿದ ಪ್ರಶ್ನೆಯೂ ಹೌದು.

ಜಾವಾ ಮೂಲತಃ ಚೆಕ್ ನಾಡಿನದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಪಡೆದಾಗ ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ ಈ ಹೆಸರು ಉಂಟಾಯಿತು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಸಿದ್ಧ ವಾಹನಗಳ ಆಮದಿಗೆ ನಿರ್ಬಂಧ ಬಿಗಿಯಾದಂತೆ, ಹೊರದೇಶದ ವಿನ್ಯಾಸಗಳನ್ನು ಪರವಾನಗಿಯ ಮೇಲೆ ಇಲ್ಲಿಯೇ ತಯಾರಿಸುವ ಉದ್ಯಮಗಳು ತಲೆಯೆತ್ತಿದವು. ಮದರಾಸಿನ ತಿರುವೊಟ್ರಿಯೂರಿನಲ್ಲಿ 1955ರಿಂದ ಎನ್‌ಫೀಲ್ಡ್ ಬುಲೆಟ್ ನೆಲೆಯೂರಿತು. ಮೈಸೂರಿನಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರ ಸುಮಾರಿಗೆ ಜಾವಾ ಹೆಸರು ಹಿಂದೆ ಸರಿದು ಯೆಜ್ಡಿ ಬಂತು. ಈ ಹೆಸರನ್ನು ಇರಾನಿನ ಯಜ್ದ್ ನಗರದೊಡನೆ ಜೋಡಿಸುವ ವಿವರಣೆ ಪ್ರಚಲಿತವಾಗಿದೆ. ಚೆಕ್ ವಿನ್ಯಾಸ, ಇರಾನಿ ಹೆಸರು, ಮೈಸೂರಿನ ಕಾರ್ಮಿಕರ ಕೈ: ‘ನಮ್ಮೂರ ಬಂಡಿ’ ಎಂದು ಕನ್ನಡಿಗರು ಅಭಿಮಾನಪಡುವ ವಸ್ತು ಆರಂಭದಿಂದಲೂ ಬಹುಮೂಲದ್ದು.

ಇದರ ಸದ್ದಿಗೆ ಎಂಜಿನ್ನಿನ ರಚನೆಯೇ ಕಾರಣ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ನಾಲ್ಕು ಸ್ಟ್ರೋಕಿನದರಲ್ಲಿ ಎರಡು ಸುತ್ತಿಗೆ ಒಮ್ಮೆ. ಜಾವಾದಲ್ಲಿ ಕವಾಟಗಳಿಲ್ಲ. ಪಿಸ್ಟನ್ ಕೆಳಗಿಳಿಯುತ್ತ ಸಿಲಿಂಡರಿನ ಗೋಡೆಯ ರಂಧ್ರವನ್ನು ತೆರೆದೊಡನೆ ಬಿಸಿ ಅನಿಲ ಹೊರಕ್ಕೆ ನುಗ್ಗುತ್ತದೆ. ಒಂದೇ ಸಿಲಿಂಡರಿನ 250 ಸಿಸಿ ಬಂಡಿಗೆ ಎರಡು ಕೊಳವೆಗಳಿದ್ದುದರಿಂದ ಆ ಸ್ಫೋಟ ಎರಡೂ ಮಗ್ಗುಲಿನಿಂದ ಕೇಳುತ್ತಿತ್ತು. 90 ಮಿಲಿಮೀಟರ್ ಉದ್ದದ ಸ್ಟ್ರೋಕಿದ್ದ ಹಳೆಯ 350 ಸಿಸಿ ಬುಲೆಟ್ಟಿನ ಬಡಿತ ಇದಕ್ಕಿಂತ ನಿಧಾನ, ಇದಕ್ಕಿಂತ ಭಾರ. ಈ ಎರಡನ್ನು ಕಿವಿಯಿಂದಲೇ ಬೇರ್ಪಡಿಸುವುದಕ್ಕೆ ತಜ್ಞತೆ ಬೇಕಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಿದ್ದುದರಿಂದ ನೀಲಿ ಹೊಗೆ, ಅದರ ವಾಸನೆ ಸದ್ದಿನ ಜೊತೆಗೇ ಬರುತ್ತಿದ್ದವು.

ಹಂಬಲದ ಮೊದಲ ಬೇರು ಇರುವುದು ಈ ಪ್ರತ್ಯೇಕತೆಯಲ್ಲಿ. ಪರವಾನಗಿ ಯುಗದಲ್ಲಿ ಆಯ್ಕೆಗಳು ಬೆರಳೆಣಿಕೆಯಷ್ಟು: ಕಾರೆಂದರೆ ಅಂಬಾಸಡರ್, ಫಿಯೆಟ್, ಮೋಟಾರ್‌ಸೈಕಲ್ಲೆಂದರೆ ಬುಲೆಟ್, ಜಾವಾ, ರಾಜದೂತ್. ವಾಹನಗಳೇ ವಿರಳವಾಗಿದ್ದ ಊರಿನಲ್ಲಿ ಸದ್ದು ಕೇಳಿದರೆ ಸಾಕು, ಬರುತ್ತಿರುವವರು ಯಾರೆಂದು ತಿಳಿಯುತ್ತಿತ್ತು. ಎರಡನೆಯ ಬೇರು ರಿಪೇರಿಯ ಸಲೀಸು. ಪ್ಲಗ್ ಬಿಚ್ಚಿ ಮಸಿ ಒರೆಸುವುದು, ಪಾಯಿಂಟ್ ಸರಿಪಡಿಸುವುದು, ಕಾರ್ಬೊರೇಟರ್ ತೊಳೆಯುವುದು ಸವಾರನಿಗೇ ಸಾಧ್ಯವಿದ್ದ ಕೆಲಸಗಳು. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಜಾವಾದ ಏರ್ಪಾಡು ಹೊಸಬರನ್ನು ತಬ್ಬಿಬ್ಬುಗೊಳಿಸುತ್ತಿತ್ತು, ಬಲ್ಲವರಿಗೆ ಹೆಮ್ಮೆ ತರುತ್ತಿತ್ತು. ಯಂತ್ರದ ಒಳಗನ್ನು ಅದರ ಒಡೆಯನೂ ಅರಿಯಬಹುದಾಗಿದ್ದ ಕಾಲದ ನೆನಪು ಸದ್ದಿನ ರೂಪದಲ್ಲಿ ಉಳಿದಿದೆ.

ಆ ಕಾಲವನ್ನು ಬದಲಿಸಿದ ಶಕ್ತಿಗಳಲ್ಲೊಂದು ಗಡಿಯಾಚೆಯ ಕನ್ನಡ ನೆಲದಲ್ಲಿಯೇ ರೂಪುಗೊಂಡಿತು. 1956ರ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿದ ಹೊಸೂರು, ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಸೀಮೆ. 1970ರ ದಶಕದಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಕೈಗಾರಿಕಾ ವಸಾಹತನ್ನು ಸ್ಥಾಪಿಸಿತು. 1980ರಲ್ಲಿ ಅಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂತು. 1984ರಲ್ಲಿ ಸುಜುಕಿಯ ಸಹಯೋಗದ 100 ಸಿಸಿ ಮೋಟಾರ್‌ಸೈಕಲ್ ಬಂತು. ಮರುವರ್ಷ ಹೀರೊ ಹೋಂಡಾದ ನಾಲ್ಕು ಸ್ಟ್ರೋಕಿನ ಸಿಡಿ 100 ಇಂಧನ ಮಿತವ್ಯಯದ ಅಳತೆಗೋಲನ್ನೇ ಬದಲಿಸಿತು. ಮೊಪೆಡ್ಡಿಗೆ ಗತ್ತಿನ ಸದ್ದಿರಲಿಲ್ಲ. ಆದರೆ ಹಾಲಿನ ಕ್ಯಾನು, ತರಕಾರಿ ಮೂಟೆ ಹೊರುವವರಿಗೂ, ಭಾರದ ಬಂಡಿಯನ್ನು ಕಿಕ್ ಹೊಡೆಯಲಾಗದವರಿಗೂ ಅದು ಎಟುಕಿತು. ಅಭಿಮಾನಿಗಳ ಕಥನದಲ್ಲಿ ಪತನವೆಂದು ಕಾಣುವ ದಶಕ ಬೇರೆ ಜನವರ್ಗಗಳಿಗೆ ಮೊದಲ ವಾಹನದ ದಶಕವಾಗಿತ್ತು.

ಮಾಲಿನ್ಯದ ನಿಯಮಗಳು ಇನ್ನೊಂದು ಕಡೆಯಿಂದ ಒತ್ತಿದವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದಷ್ಟು ಇಂಧನ ಉರಿಯದೆಯೇ ಹೊಗೆಯೊಡನೆ ಹೊರಹೋಗುತ್ತದೆ. 1991ರಲ್ಲಿ ಜಾರಿಗೆ ಬಂದ ಹೊಗೆಮಿತಿಗಳು 1996ರಲ್ಲಿ ಬಿಗಿಯಾದವು. ಅದೇ ವರ್ಷ ಯಾದವಗಿರಿಯ ಉತ್ಪಾದನೆ ನಿಂತಿತು. ಹಳೆಯ ವಿನ್ಯಾಸ, ಹೊಸ ಪೈಪೋಟಿ, ಹೊಸ ನಿಯಮ, ಇವುಗಳಲ್ಲಿ ಯಾವೊಂದನ್ನೂ ಏಕೈಕ ಕಾರಣವಾಗಿಸಲಾಗದು.

ಹಂಬಲ ತನ್ನ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತದೆ. ಸವಾರನ ನೆನಪಿಗೆ ಸಂಘಗಳಿವೆ, ವಾರ್ಷಿಕ ದಿನವಿದೆ. ಆ ಸದ್ದಿಗೆ ನಿದ್ದೆಗೆಟ್ಟ ನೆರೆಯವರ ನೆನಪಿಗೆ ಸಂಘವಿಲ್ಲ. ಮೈಸೂರು ಸೀಮೆಯನ್ನು ವಯನಾಡು, ನೀಲಗಿರಿಗಳಿಗೆ ಜೋಡಿಸುವ ಬಂಡೀಪುರದ ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವಾಹನ ಅಲ್ಲಿ ಮನುಷ್ಯನ ಸ್ವಾತಂತ್ರ್ಯದ ಗುರುತಷ್ಟೇ ಆಗಿ ಉಳಿಯುವುದಿಲ್ಲ, ವನ್ಯಜೀವಿಗಳ ಪಾಲಿಗೆ ಅಪಾಯವೂ ಹೌದು. ಕಾರ್ಖಾನೆಯ ಕಾರ್ಮಿಕರಿಗಾದರೋ 1996 ಒಂದು ಮಾದರಿಯ ಅಂತ್ಯವಾಗಿರಲಿಲ್ಲ, ಸಂಬಳದ ಅಂತ್ಯವಾಗಿತ್ತು. ಯಾವ ಬಂಡಿಗೆ ಯಾವ ವರ್ಷ ಯಾವ ಬಣ್ಣವಿತ್ತೆಂಬುದನ್ನು ಅಭಿಮಾನಿಗಳು ನಿಖರವಾಗಿ ದಾಖಲಿಸಿದ್ದಾರೆ. ಆ ಬಣ್ಣ ಬಳಿದವರ ಮಾತನ್ನೂ ಅಷ್ಟೇ ನಿಖರವಾಗಿ ದಾಖಲಿಸಬೇಕಾದ ಹೊಣೆ ಇತಿಹಾಸಕಾರರದು.

ಇಂದು ಹಂಬಲವೇ ಮಾರುಕಟ್ಟೆಯಾಗಿದೆ. 2018ರಲ್ಲಿ ಜಾವಾ ಹೆಸರು ಮರಳಿತು. ಬಂಡಿ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ 293 ಸಿಸಿ ಎಂಜಿನ್ನಿಗೂ ಎರಡು ಕೊಳವೆಗಳನ್ನು ಉಳಿಸಿಕೊಳ್ಳಲಾಯಿತು. 1960ರ ದಶಕದಲ್ಲಿ ತಾಂತ್ರಿಕ ರಚನೆಯಾಗಿದ್ದದ್ದು ಇಲ್ಲಿ ನೆನಪಿನ ಚಿಹ್ನೆಯಾಯಿತು. ಕಾನೂನೂ ಹಳೆಯದಕ್ಕೆ ಸ್ಥಾನ ಕಲ್ಪಿಸಿದೆ: 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದು ಮೂಲರೂಪ ಉಳಿಸಿಕೊಂಡ ವಾಹನಗಳು ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಪಡೆಯಬಹುದು, ನಿತ್ಯ ಬಳಕೆಗೆ ಅವುಗಳಿಗೆ ಅವಕಾಶವಿಲ್ಲ. ವಸ್ತುವಿಗೆ ಪರಂಪರೆಯ ಪಟ್ಟ ದೊರೆತಾಗ ಅದರ ದಿನನಿತ್ಯದ ಬದುಕು ಮುಗಿಯಿತೆಂದೇ ಅರ್ಥ.

ಮೆಕ್ಯಾನಿಕ್‌ನ ಜ್ಞಾನಕ್ಕೆ ಇಂಥ ನೋಂದಣಿಯಿಲ್ಲ. ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೋ ಪಿಸ್ಟನ್ ಹಿಡಿಯುತ್ತಿದೆಯೋ ಎಂದು ಹೇಳಬಲ್ಲ ಕಿವಿ, ಅದನ್ನು ಶಿಷ್ಯನಿಗೆ ತಿಳಿಸಲು ಬಳಸುವ ಮಾತು, ಎರಡೂ ಗ್ಯಾರೇಜಿನ ಹೊರಗೆ ದಾಖಲಾಗುವುದು ಅಪರೂಪ. ಹಲವು ಭಾಷೆಗಳ ಗಡಿಪೇಟೆಗಳಲ್ಲಿ ಈ ಮಾತಿನ ಅಧ್ಯಯನಕ್ಕೆ ವಿಶೇಷ ಬೆಲೆಯಿದೆ. ಪಠ್ಯದ ಪರಿಭಾಷೆ ತಲುಪದ ಕಡೆ ಕೆಲಸವೇ ತನ್ನ ಪದಗಳನ್ನು ಕಟ್ಟಿಕೊಂಡಿರುತ್ತದೆ. ಹಳೆಯ ಬಂಡಿಯ ಬಿಡಿಭಾಗವನ್ನು ಹೊಸದಾಗಿ ಎರಕ ಹೊಯ್ಯಿಸಬಹುದು. ಅದರ ಸದ್ದಿನ ಅರ್ಥವನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.