ಸಾಲದ ಲೆಕ್ಕ ಯಾರ ಕೈಯಲ್ಲಿ?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ಲೆಕ್ಕದ ಕುರಿತಾಗಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಅಲ್‌ಬಕರ ಅಧ್ಯಾಯದ 282ನೆಯ ಆ ಸೂಕ್ತದ ಪ್ರಕಾರ ಸಾಲವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕು. ಬರೆಯುವವನಿಗೆ ಲೆಕ್ಕ ಹೇಳಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ಅದಕ್ಕೆ ಸ್ವಲ್ಪ ಮೊದಲು ಬರುವ 280ನೆಯ ಸೂಕ್ತವು ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಲು ಹೇಳುತ್ತದೆ. ನಮ್ಮ ನಾಡಿನ ಸಾಲದ ಚರಿತ್ರೆಯನ್ನು ಈ ಎರಡು ಮಾತುಗಳ ಬೆಳಕಿನಲ್ಲಿ ನೋಡಬೇಕಾಗಿದೆ.

ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಟಿಪ್ಪು ಸುಲ್ತಾನರ ಕಂದಾಯ ನಿಯಮಗಳು 1792ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡವು. ಬಡ ರೈತನಿಗೆ ನೇಗಿಲಿಗಾಗಿ ತಕಾವಿ ಸಾಲ ಕೊಟ್ಟು, ಒಂದೆರಡು ವರ್ಷಗಳಲ್ಲಿ ಮರಳಿ ಪಡೆಯಬೇಕೆಂಬ ಸೂಚನೆ ಅವುಗಳಲ್ಲಿದೆ. ಸರಕಾರಿ ಸಾಲವಿದ್ದರೂ ಹಳ್ಳಿಗಳಲ್ಲಿ ಸಾಹುಕಾರನ ಖಾತೆ ಪುಸ್ತಕದ್ದೇ ಆಳ್ವಿಕೆ. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಬರೆಯುವವನು ಸಾಹುಕಾರನೇ ಆಗಿದ್ದ. ಈ ಹಿಡಿತವನ್ನು ಸಡಿಲಿಸಲು ಮೈಸೂರು ಸಂಸ್ಥಾನವು 1905ರಲ್ಲಿ ಸಹಕಾರ ಸಂಘಗಳ ಕಾನೂನು ತಂದಿತು. ದೇವರಾಜ ಅರಸರ ಕಾಲದ 1976ರ ಋಣಪರಿಹಾರ ಕಾಯ್ದೆ ಸಣ್ಣ ರೈತರನ್ನೂ ಕೂಲಿಕಾರರನ್ನೂ ಸಾಲಮುಕ್ತಗೊಳಿಸಿ, ಗಿರವಿ ವಸ್ತುಗಳನ್ನು ಹಿಂದಿರುಗಿಸುವಂತೆ ಮಾಡಿತು.

2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಸಂಸ್ಥೆಗಳ ಕಾಯ್ದೆ ಬಂತು. ಆದರೂ ಕಿರುಸಾಲ ಪಡೆದ ಮಹಿಳೆಯರ ಹೆಸರುಗಳು ಬಹುಕಾಲ ಈ ಕಡತಗಳಿಂದ ಹೊರಗಿದ್ದವು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಸ್ಥಳೀಯ ಅಂಜುಮನ್‌ಗಳ ಕರೆಯ ಮೇರೆಗೆ ಅನೇಕ ಮುಸ್ಲಿಮ್ ಮಹಿಳೆಯರು ಕಂತು ಕಟ್ಟುವುದನ್ನು ನಿಲ್ಲಿಸಿದರು. 2010ರ ಆಂಧ್ರದ ಬಿಕ್ಕಟ್ಟಿನ ಬಳಿಕ ಕಿರುಸಾಲಗಳೂ ಕಡತ ಸೇರತೊಡಗಿದವು. ಇಂದು ತಪ್ಪಿದ ಪ್ರತಿಯೊಂದು ಕಂತೂ ಅಲ್ಲಿ ದಾಖಲಾಗುತ್ತದೆ.

ಆದರೆ ಕಂತು ತಪ್ಪಲು ಕಾರಣವೇನೆಂದು ಕಡತ ಹೇಳುವುದಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಮುಚ್ಚಿತ್ತು. 2020ರಲ್ಲಿ ಅದನ್ನು ಖಾಸಗಿಗೆ ಗುತ್ತಿಗೆ ಕೊಡಲಾಯಿತು. ಕಬ್ಬಿನ ಹಣ ಬಾರದ ರೈತನೂ, ಮಳೆ ಕೈಕೊಟ್ಟ ನಾಗಮಂಗಲದ ರಾಗಿ ಬೆಳೆಗಾರನೂ, ಕೊಳವೆ ಬಾವಿ ಬತ್ತಿದ ಕೆ.ಆರ್. ಪೇಟೆಯ ತೆಂಗಿನ ತೋಟದವನೂ ಆ ಕಡತದಲ್ಲಿ ಕೇವಲ ಸುಸ್ತಿದಾರರು. 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ಇಡೀ ರಾಜ್ಯವನ್ನು ಕಲಕಿದವು. ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವನ್ನು ಅದು ವಿಧಿಸಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ರಿಸರ್ವ್ ಬ್ಯಾಂಕಿನದೇ ನಿಯಮಗಳಿವೆ: ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಬಂಧುಗಳನ್ನು ಪೀಡಿಸುವಂತಿಲ್ಲ.

“ನಿನ್ನ ಸಿಬಿಲ್ ಹಾಳು ಮಾಡುತ್ತೇವೆ” ಎಂಬುದು ಇಂದಿನ ಹೊಸ ಬೆದರಿಕೆ. ವಾಸ್ತವದಲ್ಲಿ ಪರವಾನಗಿಯಿಲ್ಲದ ಬಡ್ಡಿ ವ್ಯಾಪಾರಿಗೆ ಆ ಕಡತದಲ್ಲಿ ಒಂದಕ್ಷರ ಬರೆಯುವ ಅಧಿಕಾರವೂ ಇಲ್ಲ. ಬ್ಯಾಂಕು ತಪ್ಪು ಬರೆದಿದ್ದರೆ ತಿದ್ದಿಸಲು ದಾರಿಯಿದೆ. ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತ ವರದಿ ಪಡೆಯಬಹುದು. ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಆ ಬಳಿಕದ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಮುಂದಿನ ಹೆಜ್ಜೆಯಾಗಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರಬಹುದು. ಸಾಲವನ್ನು ರಾಜಿಯಲ್ಲಿ ತೀರಿಸಿದರೆ ವರದಿಯಲ್ಲಿ ‘ಸೆಟಲ್ಡ್’ ಎಂದೂ, ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’ ಎಂದೂ ಬರುತ್ತದೆ. ಮೊದಲನೆಯದು ಮುಂದಿನ ಸಾಲಕ್ಕೆ ಅಡ್ಡಿಯಾಗಬಹುದು. ಆದ್ದರಿಂದ ರಸೀದಿಗಳನ್ನೂ ಬಾಕಿಯಿಲ್ಲ ಎಂಬ ಪತ್ರವನ್ನೂ ಜೋಪಾನವಾಗಿಡಬೇಕು.

ಸಾಲ ತೀರಿಸುವುದು ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಬಗ್ಗೆ ಬರೆದ ಲೆಕ್ಕವನ್ನು ನೋಡುವುದು, ಪ್ರಶ್ನಿಸುವುದು ಸಾಲಗಾರನ ಹಕ್ಕು. ನಮ್ಮ ಮಸೀದಿ, ಜಮಾಅತ್‌ಗಳ ವಿದ್ಯಾವಂತ ಯುವಕರು ವಾರಕ್ಕೆ ಒಂದು ಗಂಟೆ ಕುಳಿತು, ಓದು ಬಾರದ ನೆರೆಯವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಈ ವರದಿಯನ್ನು ಓದಿ ಹೇಳಿದರೆ ಅದೊಂದು ದೊಡ್ಡ ಸೇವೆಯಾದೀತು.